ಬೇಸಿಗೆಯಲ್ಲಿ ಮಲಗುವ ಗಿಡ: ಟೆಕ್ಸಸ್ಸಿನಲ್ಲಿ ಸೈಕ್ಲಮೆನ್ ಬೆಳೆಸಿದ ವರ್ಷಗಳು

ನರ್ಸರಿಯ ಕೆಲಸ ಬಿಟ್ಟ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಆಂಟಿ, ಸೈಕ್ಲಮೆನ್‌ಗೆ ಯಾವ ಗೊಬ್ಬರ ಹಾಕ್ಬೇಕು?" ನರ್ಸರಿಗೆ ಹೊಸದಾಗಿ ಸೇರಿದ ಹುಡುಗಿಯರೂ ಇದನ್ನೇ ಕೇಳುತ್ತಾರೆ. ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ ಮನೆ ಕೊಂಡು ಹಿತ್ತಿಲಲ್ಲಿ ಏನಾದರೂ ನೆಡಬೇಕೆಂದಿರುವ ದಂಪತಿಗಳೂ ಇದನ್ನೇ ಕೇಳುತ್ತಾರೆ. ಈ ಗಿಡಕ್ಕೆ ಏನು ಹಾಕಬೇಕು ಎಂಬುದು ಸಣ್ಣ ಮಾತು. ಯಾವಾಗ ಏನನ್ನೂ ಹಾಕದೆ ಸುಮ್ಮನಿರಬೇಕು ಎಂಬುದೇ ಇಲ್ಲಿನ ವಿದ್ಯೆ. ನಾನು ಅದನ್ನು ಕಲಿತ ಬಗೆಯನ್ನು ಮುಂದೆ ಈ ಕೆಲಸಕ್ಕೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಧಾರವಾಡದಲ್ಲಿ ಕೃಷಿ ಪದವಿ ಓದಿದವಳು. ಗಂಡನ ಕೆಲಸದ ಕಾರಣಕ್ಕೆ ಡಾಲಸ್ ಕಡೆಗೆ ಬಂದೆವು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಲಿಟಲ್ ಎಲ್ಮ್ ಎಂಬ ಊರಿನ ಹತ್ತಿರದ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ಹತ್ತರ ಹೊತ್ತಿಗೆ ಅಲ್ಲಿನ ಗಡ್ಡೆ ಗಿಡಗಳ ವಿಭಾಗ ನನ್ನ ಪಾಲಿಗೆ ಬಂದಿತ್ತು. ಹೆಸರು ಸುಮಂಗಲಾ, ಅಲ್ಲಿ ಎಲ್ಲರ ಬಾಯಲ್ಲೂ ಸುಮಾ.

ಸೈಕ್ಲಮೆನ್ ನೋಡದವರಿಗಾಗಿ ಎರಡು ಮಾತು. ಗಡ್ಡೆ ಸುವರ್ಣಗಡ್ಡೆಯ ಮರಿಯಂತೆ ಚಪ್ಪಟೆ. ಎಲೆ ವೀಳ್ಯದೆಲೆಯ ಆಕಾರ, ಅದರ ಮೇಲೆ ಬೆಳ್ಳಿಬಣ್ಣದ ಚಿತ್ತಾರ. ಹೂವಿನ ಎಸಳುಗಳು ಗಾಳಿಗೆ ಹಾರಿದ ಸೆರಗಿನಂತೆ ಹಿಂದಕ್ಕೆ ಮಡಚಿಕೊಂಡಿರುತ್ತವೆ. ಅಂಗಡಿಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಮಾರುವ ದೊಡ್ಡ ಹೂವಿನ ಜಾತಿ ಬೇರೆ. ಅದು ಹಿಮ ತಡೆಯುವುದಿಲ್ಲ. ನಾನು ಬೆಳೆಸಿದ್ದು ಚಳಿ ತಡೆಯುವ ಸಣ್ಣ ಕಾಡು ಜಾತಿಗಳನ್ನು. ಅವುಗಳಲ್ಲಿ ಮುಖ್ಯವಾದವು ಮೂರು. ಬೇಸಿಗೆ ಮುಗಿದ ಮೇಲೆ ಬರುವ ಶರತ್ಕಾಲದಲ್ಲಿ ಎಲೆಗಿಂತ ಮೊದಲೇ ಹೂಬಿಡುವ 'ಐವಿ', ನಡು ಚಳಿಯಲ್ಲಿ ಅರಳುವ ಗಿಡ್ಡ 'ಕೂಮ್', ಗ್ರೀಸ್ ದೇಶದ ಕಡೆಯಿಂದ ಬಂದ 'ಗ್ರೀಕ್'. ಇವುಗಳಿಗೆ ಉದ್ದುದ್ದ ಲ್ಯಾಟಿನ್ ಹೆಸರುಗಳಿವೆ. ನಾವು ಕೆಲಸದ ನಡುವೆ ಹೀಗೆಯೇ ಕರೆಯುತ್ತಿದ್ದೆವು.

ನಮ್ಮೂರ ಗಡ್ಡೆಗಳು ಮಳೆ ಬಿದ್ದರೆ ಏಳುತ್ತವೆ, ಚಳಿಗೆ ಮಲಗುತ್ತವೆ. ಇವು ಉಲ್ಟಾ. ಮೇ ತಿಂಗಳಿಗೆ ಎಲೆ ಹಳದಿಯಾಗಿ ಉದುರುತ್ತದೆ. ಆಮೇಲೆ ಸೆಪ್ಟೆಂಬರ್‌ವರೆಗೆ ಕುಂಡದಲ್ಲಿ ಒಣಮಣ್ಣು ಬಿಟ್ಟು ಏನೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ. ಡಾಲಸ್ ಸುತ್ತಲಿನದು ಧಾರವಾಡದಂಥದೇ ಎರೆಮಣ್ಣು. ಬೇಸಿಗೆಗೆ ಕೈ ತೂರುವಷ್ಟು ಬಿರುಕು, ಮಳೆಗೆ ಅಂಟು. ಆ ಮಣ್ಣಿನಲ್ಲಿ ಗಡ್ಡೆ ಹೂತರೆ ಮುಗಿಯಿತು. ಅದಕ್ಕೇ ಒಡೆದ ಸುಣ್ಣಕಲ್ಲು, ಎಲೆಗೊಬ್ಬರ, ದಪ್ಪ ಮರಳು ಬೆರೆಸಿ ಕುಂಡಗಳಲ್ಲಿ ಬೆಳೆಸುತ್ತಿದ್ದೆವು.

ಮೊದಲ ಪಾಠ ಕಲಿಸಿದ್ದು ಇರುವೆಗಳು. ಬೀಜ ಬಲಿಯುವಾಗ ಈ ಗಿಡದ ತೊಟ್ಟು ಸ್ಪ್ರಿಂಗಿನಂತೆ ಸುರುಳಿಯಾಗಿ ಕಾಯಿಯನ್ನು ಮಣ್ಣಿಗೆ ಎಳೆದುಕೊಳ್ಳುತ್ತದೆ. ಬೀಜಕ್ಕೆ ಸಿಹಿ ಅಂಟು ಇರುತ್ತದೆ. ಎರಡು ಬೇಸಿಗೆ ನಾನು ಬೀಜ ಕೂಡಿಸಲು ಹೋದಾಗ ಕಾಯಿಗಳು ಖಾಲಿಯಾಗಿದ್ದವು. ಯಾರೋ ಕದಿಯುತ್ತಿದ್ದಾರೆ ಎಂದುಕೊಂಡಿದ್ದೆ. ಮೂರನೆಯ ವರ್ಷ ಕುಂಡಗಳನ್ನಿಡುವ ಬೆಂಚಿನ ಕೆಳಗಿನ ಜಲ್ಲಿಯಲ್ಲಿ ಸಣ್ಣ ಸಣ್ಣ ಎಲೆಗಳು ಕಾಣಿಸಿಕೊಂಡವು. ಇರುವೆಗಳು ಅಂಟಿಗಾಗಿ ಬೀಜ ಹೊತ್ತು, ಅಂಟು ತಿಂದು, ಬೀಜವನ್ನು ಜಲ್ಲಿ ಸಂದಿನಲ್ಲಿ ಬಿಟ್ಟಿದ್ದವು. ನಾನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಬಿತ್ತಿದವುಗಳಿಗಿಂತ ಅವು ಗಟ್ಟಿಯಾಗಿದ್ದವು, ಹೂವನ್ನೂ ಮೊದಲು ಬಿಟ್ಟವು. ಅಂದಿನಿಂದ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಡುವ ಪದ್ಧತಿ ಬಿಟ್ಟೆ. ತಾಜಾ ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಅಂಟು ತೊಳೆದು, ಜಲ್ಲಿ ಬೆರೆತ ಮಣ್ಣಿಗೆ ಹಾಕಿ, ಬೆಳಕು ಬೀಳದಂತೆ ಮುಚ್ಚಿಡುವುದು. ತಂಪು ಬಂದಾಗ ಮೊಳೆಯುತ್ತವೆ. ಮೂರನೆಯ ವರ್ಷ ಹೂವು. ಅವಸರವಿದ್ದವರು ಕೆಲವೇ ವಾರಗಳಲ್ಲಿ ಹೂಬಿಡುವ ಪೆಟೂನಿಯಾ ಬೆಳೆಸಬಹುದು.

ಅಂಥ ಪೆಟೂನಿಯಾ ಮಾರಿಕೊಂಡಿದ್ದು ನಮ್ಮಲ್ಲಿಗೆ ಬಂದವನು ಡ್ಯಾರೆಲ್. ಹೊಸ ಮ್ಯಾನೇಜರ್, ನನಗಿಂತ ಹದಿನೈದು ವರ್ಷ ಚಿಕ್ಕವನು. ಒಂದು ದೊಡ್ಡ ಅಂಗಡಿಯ ತೋಟದ ವಿಭಾಗ ನಡೆಸಿ ಬಂದಿದ್ದ. ದಡ್ಡನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಆದರೆ ಹಸಿರಾಗಿ ಕಾಣದ ಗಿಡ ಅವನ ಲೆಕ್ಕದಲ್ಲಿ ಸತ್ತ ಗಿಡ.

ಅವನು ಸೇರಿದ ಬೇಸಿಗೆಯಲ್ಲಿ ಅಣ್ಣನ ಮಗಳ ಮದುವೆಗೆಂದು ನಾನು ಧಾರವಾಡಕ್ಕೆ ಹೋದೆ. ಹೋಗುವ ಮುನ್ನ "ಸೈಕ್ಲಮೆನ್ ಬೆಂಚಿಗೆ ನೀರು ಹಾಕಬೇಡಿ" ಎಂದು ನೀರು ಹಾಕುವವರಿಗೆಲ್ಲ ಹೇಳಿದ್ದೆ. ಅವರು ಹೇಳಿದಂತೆಯೇ ನಡೆದುಕೊಂಡರು. ವಾಪಸು ಬಂದು ಶೆಡ್ಡಿಗೆ ಹೋದರೆ ನನ್ನ ಬೆಂಚುಗಳ ತುಂಬ ಕೆಂಪು ದಾಸವಾಳ ಅರಳಿ ನಿಂತಿತ್ತು.

ಡ್ಯಾರೆಲ್ ಹಿಂದೆಯೇ ಬಂದ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಚೆನ್ನಾಗಿದೆ ಅಲ್ವಾ, ಸುಮಾ? ಮಾಲೀಕರ ಕಡೆಯವರು ನೋಡೋಕೆ ಬರ್ತಾರಂತೆ. ಅದಕ್ಕೆ ಜಾಗ ಖಾಲಿ ಮಾಡಿಸಿದೆ."

"ಇಲ್ಲಿದ್ದ ಕುಂಡಗಳು?"

"ಎಲ್ಲಾ ಒಣಗಿಹೋಗಿದ್ವು. ಕಾಂಪೋಸ್ಟ್ ಗುಡ್ಡೆಗೆ ಸುರಿಸಿಬಿಟ್ಟೆ."

"ಅವು ಸತ್ತಿಲ್ಲ. ಮಲಗಿವೆ."

ನನ್ನ ಧ್ವನಿ ಏರಿರಲಿಲ್ಲ ಎಂದುಕೊಂಡಿದ್ದೇನೆ. ಆದರೂ ಅವನ ಮುಖ ಬಿಳಿಚಿತು. "ಎಷ್ಟು ದಿನದ ಬೆಳೆ?" ಎಂದು ಕೇಳಿದ. ಕೆಲವು ಗಡ್ಡೆಗಳಿಗೆ ನನ್ನ ಚಿಕ್ಕ ಮಗನ ವಯಸ್ಸು ಎಂದೆ. ಅವನು ಹೋಗಿ ಎರಡು ಗುದ್ದಲಿ ತಂದ.

ಕಾಂಪೋಸ್ಟ್ ಗುಡ್ಡೆಯ ಒಳಗೆ ಕೈಯಿಟ್ಟರೆ ಸುಡುತ್ತದೆ. ಮೇಲೆ ಜುಲೈ ತಿಂಗಳ ಬಿಸಿಲು. ಗುದ್ದಲಿ ತಾಗಿ ಗಡ್ಡೆಗೆ ಗಾಯವಾಗುತ್ತದೆಂದು ಬೇಗನೆ ಅದನ್ನು ಬಿಟ್ಟು ಇಬ್ಬರೂ ಕೈಯಲ್ಲೇ ಕೆದಕತೊಡಗಿದೆವು. ಒಳಪದರದಲ್ಲಿದ್ದವು ಆಲೂಗಡ್ಡೆಯಂತೆ ಬೆಂದುಹೋಗಿದ್ದವು. ಮೇಲುಪದರದವು ಉಳಿದಿದ್ದವು.

"ಯಾವುದಕ್ಕೆ ಜೀವ ಇದೆ ಅಂತ ಹೇಗೆ ಗೊತ್ತಾಗುತ್ತೆ?"

"ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಸಿಕ್ಕರೆ ಇದೆ. ಒಳಗೆ ಹೋದರೆ ಇಲ್ಲ."

ಅವನು ಒಂದೊಂದನ್ನೂ ಎತ್ತಿ ಒತ್ತಿ, ಗಟ್ಟಿಯಿದ್ದದ್ದನ್ನು ಟ್ರೇಯಲ್ಲಿಟ್ಟ. ಮೆತ್ತಗಿದ್ದದ್ದನ್ನು ಪಕ್ಕಕ್ಕೆ ಹಾಕಿದ. ಸಂಜೆಯ ಹೊತ್ತಿಗೆ ಸುಮಾರು ಅರ್ಧದಷ್ಟು ಸಿಕ್ಕವು. ಆದರೆ ಹೆಸರಿನ ಚೀಟಿಗಳೆಲ್ಲ ಹೋಗಿದ್ದವು. ಯಾವುದು ಐವಿ, ಯಾವುದು ಕೂಮ್ ಎಂದು ಗಡ್ಡೆ ನೋಡಿಯೇ ಹೇಳಬೇಕು. ಐವಿಗೆ ಬೇರು ಬರುವುದು ನೆತ್ತಿಯಿಂದ ಮತ್ತು ಭುಜದಿಂದ, ತಳ ಬೋಳು. ಕೂಮ್‌ಗೆ ತಳದ ನಡುವಿನಿಂದ ಬೇರು, ಮೈ ಮಖಮಲ್ಲಿನಂತೆ. ಡ್ಯಾರೆಲ್ ನೆಟ್ಟ ಮೊದಲ ಕುಂಡಗಳಲ್ಲಿ ಐವಿಯೆಲ್ಲ ತಲೆಕೆಳಗು. ಬೇರು ಕೆಳಗಿರಬೇಕು ಎಂಬುದು ಯಾರಿಗಾದರೂ ಸಹಜವಾಗಿ ಹೊಳೆಯುವ ಮಾತು. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಇದೇ. ತಲೆಕೆಳಗಾದರೂ ಎಲೆ ಬರುತ್ತದೆ, ಸುತ್ತಿ ಬಳಸಿ, ತಡವಾಗಿ. ಆದರೆ ಹೂವು ಮಾತ್ರ ಮುನಿಸಿಕೊಳ್ಳುತ್ತದೆ.

ಗ್ರೀಕ್ ಜಾತಿಯ ಗಡ್ಡೆ ಗುಡ್ಡೆಯಲ್ಲಿ ಒಂದೂ ಇರಲಿಲ್ಲ. ಕೇಳಿದಾಗ ಡ್ಯಾರೆಲ್‌ಗೆ ನೆನಪಾಯಿತು. ಅವುಗಳ ಕುಂಡ ಆಳ, ಬೇರು ಕುಂಡದ ಒಳಮೈಗೆ ಕಚ್ಚಿಕೊಂಡು ಎಷ್ಟು ಕುಟ್ಟಿದರೂ ಮಣ್ಣು ಹೊರಬರಲಿಲ್ಲವಂತೆ. ಆಮೇಲೆ ನೋಡಿದರಾಯಿತೆಂದು ಆಳುಗಳು ಅವನ್ನು ಕಾಂಕ್ರೀಟ್ ಗೋಡೆಯ ಪಕ್ಕ, ದಕ್ಷಿಣದ ಬಿಸಿಲಿಗೆ ಎಸೆದು ಹೋಗಿದ್ದರು. ಹೋಗಿ ನೋಡಿದೆ. ಕುಂಡ ಮುಟ್ಟಿದರೆ ಬಿಸಿ ಹಂಚು. ಇವು ಮುಗಿದವು ಎಂದುಕೊಂಡು, ಎತ್ತಿಡುವ ಶಕ್ತಿಯೂ ಇಲ್ಲದೆ ಅಲ್ಲೇ ಬಿಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ಆ ಗ್ರೀಕ್ ಗಿಡಗಳನ್ನು ನಾವು ಹಲವು ವರ್ಷ ನೆರಳುಬಟ್ಟೆಯ ಕೆಳಗೆ, ಐವಿಯ ಪಕ್ಕದಲ್ಲೇ ಬೆಳೆಸಿದ್ದೆವು. ಎಲೆ ನೋಡಿದರೆ ಕಣ್ಣು ತಣಿಯುವಂತಿತ್ತು. ಹೂವು ಮಾತ್ರ ಇಲ್ಲ. ಟೆಕ್ಸಸ್ಸಿನ ಬಿಸಿಲು ಇದಕ್ಕೆ ಆಗದು ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು. ಆ ಸೆಪ್ಟೆಂಬರಿನಲ್ಲಿ ಮೊದಲ ಮಳೆ ಬಿದ್ದು ವಾರ ಕಳೆದಿರಬೇಕು, ಡ್ಯಾರೆಲ್ ನನ್ನನ್ನು ಗೋಡೆಯ ಹತ್ತಿರ ಕರೆದ. ಉರುಳಿಬಿದ್ದ ಕುಂಡಗಳಿಂದ ಅಡ್ಡಡ್ಡವಾಗಿ ಗುಲಾಬಿ ಬಣ್ಣದ ಹೂಗಳು ಎದ್ದಿದ್ದವು. ಒಂದೆರಡು ಕುಂಡಗಳಲ್ಲಲ್ಲ, ಹೆಚ್ಚುಕಡಿಮೆ ಎಲ್ಲದರಲ್ಲೂ. ಆ ಜಾತಿಗೆ ಬೇಕಿದ್ದದ್ದು ನೆರಳಲ್ಲ. ಗಡ್ಡೆ ಕಾಯುವಂಥ ಬಿಸಿಲು, ಆಳದ ಕುಂಡ, ಇಕ್ಕಟ್ಟಾದ ಬೇರು. ಅದು ಅಚಾತುರ್ಯದಿಂದ ಸಿಕ್ಕಿತ್ತು.

"ಹಾಗಾದ್ರೆ ನಾನು ಮಾಡಿದ್ದು ಸರಿಯೋ ತಪ್ಪೋ?" ಎಂದು ಡ್ಯಾರೆಲ್ ಕೇಳಿದ.

"ಎರಡೂ" ಎಂದೆ.

ಮುಂದಿನ ಬೇಸಿಗೆಯಿಂದ ನಮ್ಮ ಪದ್ಧತಿ ಬದಲಾಯಿತು. ಗ್ರೀಕ್ ಬಿಸಿಲಿಗೆ, ಐವಿ ಒಣ ನೆರಳಿಗೆ, ಕೂಮ್ ಮರದ ಬುಡದ ತಂಪಿಗೆ. ಐವಿ ಬೆಂಚಿನ ಮೇಲೆ ಡ್ಯಾರೆಲ್ ತನ್ನ ಕೈಯಾರೆ ಒಂದು ಹಲಗೆ ಬರೆದು ತೂಗುಹಾಕಿದ: ಮಲಗಿವೆ, ಎಬ್ಬಿಸಬೇಡಿ. ಗಿರಾಕಿಗಳು ನಗುತ್ತಿದ್ದರು. ಹಲಗೆ ಇರುವವರೆಗೂ ಆ ಬೆಂಚನ್ನು ಯಾರೂ ಮುಟ್ಟಲಿಲ್ಲ.

ಹೂಸ್ಟನ್ ಬೇರೆಯೇ ಕತೆ. ಅಲ್ಲಿ ಬೇಸಿಗೆಯಲ್ಲೂ ಮಳೆ, ಗಾಳಿಯಲ್ಲೇ ನೀರು. ಅದರ ಪಕ್ಕದ ಸ್ಟಾಫರ್ಡ್‌ನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಮಹಾದೇವಿ ಎಂಬ ವಿಜಯಪುರದ ಹೆಣ್ಣುಮಗಳು ಡಾಲಸ್ಸಿನ ತಮ್ಮನ ಮನೆಗೆ ಬಂದಾಗ ನಮ್ಮಲ್ಲಿ ಐವಿ ಗಡ್ಡೆ ಕೊಂಡಿದ್ದಳು. ಮರುವರ್ಷ ಮತ್ತೆ ಬಂದು ಕೊಂಡಳು. ಮೂರನೆಯ ಸಲ ಫೋನ್ ಮಾಡಿದಳು.

"ಅಕ್ಕಾರ, ನಿಮ್ಮ ಗಡ್ಡಿ ಮತ್ತ ಕೊಳೀತ್ರಿ."

"ಬ್ಯಾಸಗ್ಯಾಗ ನೀರ ಹಾಕಿದ್ರೇನು?"

"ನಾ ಒಂದ ಹನಿ ಹಾಕಿಲ್ರೀ. ಮ್ಯಾಲಿನಾಂವ ಹಾಕ್ಯಾನ. ಅಂವಗ ನೀವ ಹೇಳ್ರಿ."

ನಗು ಬಂತು. ಆದರೆ ಸಮಸ್ಯೆ ನಿಜವಾದದ್ದೇ. ಮಳೆ ತಪ್ಪಿಸಿದರೂ ಅಲ್ಲಿನ ತೇವ ತಪ್ಪುವುದಿಲ್ಲ. ಅವಳ ಅಂಗಡಿಯ ಬಗ್ಗೆ ಕೇಳುತ್ತ ಹೋದಾಗ, ಅಕ್ಕಿ ಚೀಲ ಇಡುವ ಹಿಂದಿನ ಕೋಣೆಗೆ ವರ್ಷವಿಡೀ ಎ.ಸಿ. ಇರುತ್ತದೆಂದು ತಿಳಿಯಿತು. ಅಕ್ಕಿಗೆ ಹುಳ ಬೀಳಬಾರದೆಂದು ಕೋಣೆಯನ್ನು ಒಣಗಿಟ್ಟಿದ್ದಳು. "ಎಲಿ ಉದುರಿದ ಮ್ಯಾಲ ಕುಂಡ ಒಯ್ದು ಆ ಖೋಲ್ಯಾಗ ಮ್ಯಾಲಿನ ಹಲಗಿ ಮ್ಯಾಲ ಇಟ್ಟಬಿಡ್ರಿ. ಸೆಪ್ಟೆಂಬರ್ ತನಕ ಅದರ ಕಡೆ ನೋಡಬ್ಯಾಡ್ರಿ" ಎಂದೆ. ಆ ವರ್ಷ ದೀಪಾವಳಿಯ ಹೊತ್ತಿಗೆ ಅವಳ ಗಲ್ಲಾಪೆಟ್ಟಿಗೆಯ ಪಕ್ಕ ಹೂವರಳಿತು. ಬಂದವರೆಲ್ಲ ಪ್ಲಾಸ್ಟಿಕ್ ಹೂವೇ ಎಂದು ಮುಟ್ಟಿ ನೋಡುತ್ತಿದ್ದರಂತೆ.

ಆಮೇಲೆ ಹೂಸ್ಟನ್ ಮುಳುಗಿದ ವರ್ಷ ಬಂತು. ದಿನಗಟ್ಟಲೆ ಸುರಿದ ಮಳೆಗೆ ಅವಳ ಅಂಗಡಿಯೊಳಗೆ ಸೊಂಟದವರೆಗೆ ನೀರು ನಿಂತಿತ್ತು. ಫೋನ್ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಕ್ಕಿ, ಬೇಳೆ, ಹಿಟ್ಟು ಎಲ್ಲ ಹೋಗಿತ್ತು. ಮನೆಯವರು ಕ್ಷೇಮವಾಗಿದ್ದರು. ಅಷ್ಟು ಹೇಳಿ, "ನಿಮ್ಮ ಕುಂಡ ಮ್ಯಾಲ ಇತ್ತಲ್ರಿ, ಅದಕ್ಕೇನೂ ಆಗಿಲ್ಲ" ಎಂದಳು.

ಮತ್ತೆ ಅವಳೇ ಕೇಳಿದಳು.

"ಈಗ ನೀರ ಹಾಕೂ ಹೊತ್ತು ಬಂತಲ್ರಿ ಅದಕ?"

"ಹೌದು, ಬಂತು."

"ಅಕ್ಕಾರ, ನೀರ ಅನ್ನೂದು ಕಣ್ಣಿಗೆ ಬಿದ್ರ ಸಾಕು, ಸಿಟ್ಟ ಬರ್ತದ. ಗಿಂಡಿ ಹಿಡದ ನಿಂತೆ. ಹಾಕಲಿಕ್ಕೆ ಕೈ ಬರಲಿಲ್ಲ."

"ಹಾಕಬ್ಯಾಡ್ರಿ. ಅದು ಕಾಯ್ತದ. ನಿಮಗ ಯಾವಾಗ ಅನಸ್ತದ ಅವಾಗ ಹಾಕ್ರಿ."

ಅವಳು ನೀರು ಹಾಕಿದ್ದು ನವೆಂಬರಿನಲ್ಲಿ, ಅಂಗಡಿಗೆ ಹೊಸ ಗೋಡೆ ಹಾಕಿಸಿದ ಮೇಲೆ. ಹೂವು ತಡವಾಗಿ, ಕಡಿಮೆಯೇ ಬಂದವು. ಆದರೆ ಗಡ್ಡೆ ಉಳಿಯಿತು. ನೀರು ತಡವಾದರೆ ಹೂವು ತಡವಾಗುತ್ತದೆ, ಗಿಡ ಸಾಯುವುದಿಲ್ಲ. ಇದನ್ನು ನಾನು ಆಮೇಲೆ ಎಷ್ಟೋ ಗಿರಾಕಿಗಳಿಗೆ ಹೇಳಿದ್ದೇನೆ. ಗೊತ್ತಾದದ್ದು ಹೇಗೆಂದು ಹೇಳಿಲ್ಲ.

ಆಸ್ಟಿನ್ನಿನ ಗುಡ್ಡಗಳು ಸುಣ್ಣಕಲ್ಲಿನವು. ಸೈಕ್ಲಮೆನ್‌ಗೆ ಟೆಕ್ಸಸ್ಸಿನಲ್ಲಿ ತವರುಮನೆ ಎಂದು ಇದ್ದರೆ ಅದೇ. ನಾನು ಕೆಲಸ ಬಿಡುವುದಕ್ಕೆ ಎರಡು ವರ್ಷ ಮೊದಲು, ಫ್ರಿಸ್ಕೋದ ವಿದ್ಯಾ ಎಂಬ ಹುಡುಗಿ ನರ್ಸರಿಗೆ ಬಂದಳು. ಅವಳ ತಾಯಿ ರುಕ್ಮಿಣಮ್ಮ ಮೈಸೂರಿನಲ್ಲಿ ಗಣಿತದ ಮೇಡಂ ಆಗಿದ್ದವರು, ಆಸ್ಟಿನ್ನಿನಲ್ಲಿ ಗಂಡನ ಜೊತೆ ಬಹಳ ವರ್ಷ ಇದ್ದವರು. ಹಿತ್ತಿಲಿನ ಓಕ್ ಮರದ ಕೆಳಗೆ ಐವಿ ಗಡ್ಡೆಗಳನ್ನು ನೆಟ್ಟಿದ್ದು ಗಂಡ. ಅವರು ತೀರಿಕೊಂಡ ಮೇಲೆ ಆ ಮನೆ ಮಾರಿ ತಾಯಿಯನ್ನು ವಿದ್ಯಾ ತನ್ನ ಮನೆಗೆ ಕರೆಸಿಕೊಳ್ಳುತ್ತಿದ್ದಳು.

"ಆಂಟಿ, ಅಮ್ಮ ಆ ಗಡ್ಡೆ ಬಿಟ್ಟು ಬರಲ್ಲ ಅಂತಾರೆ. ನೀವೇ ಬಂದು ಎಲ್ಲಾ ಶಿಫ್ಟ್ ಮಾಡ್ಕೊಡಿ, ಪ್ಲೀಸ್."

ಜೂನ್ ತಿಂಗಳು, ಗಡ್ಡೆ ಮಲಗಿರುವ ಹೊತ್ತು. ಅಗೆಯಲು ಅದೇ ಸರಿಯಾದ ಕಾಲ. ವಿದ್ಯಾಳ ಜೊತೆ ಡ್ರೈವ್ ಮಾಡಿಕೊಂಡು ಹೋದೆ. ಓಕ್ ಎಲೆಗಳನ್ನು ಸರಿಸಿದರೆ ಊಟದ ತಟ್ಟೆಯಷ್ಟಗಲದ ಗಡ್ಡೆಗಳು. ಅಷ್ಟು ದೊಡ್ಡವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ರುಕ್ಮಿಣಮ್ಮ ಕುರ್ಚಿ ಹಾಕಿಸಿಕೊಂಡು ನೋಡುತ್ತ ಕುಳಿತಿದ್ದರು. ಅರ್ಧ ಅಗೆದಾಗ, "ಸಾಕು ಬಿಡಿ" ಎಂದರು.

"ಅಮ್ಮಾ, ಬರೋರು ಇದನ್ನೆಲ್ಲ ಕಿತ್ತು ಹಾಕ್ತಾರೆ" ಎಂದಳು ವಿದ್ಯಾ.

"ಕಿತ್ತರೆ ಕೀಳಲಿ. ಎಲ್ಲಾನೂ ತಗೊಂಡು ಹೋಗೋದು ಸರಿಯಲ್ಲ. ನಿಮ್ಮಪ್ಪ ನೆಟ್ಟಿದ್ದು ಈ ಮರಕ್ಕೆ."

ಉಳಿದ ಗಡ್ಡೆಗಳ ಮೇಲೆ ಎಲೆ ಮುಚ್ಚಿದೆ. ವಾಡಿಕೆಯಂತೆ ನರ್ಸರಿಯ ಹೆಸರು, ಫೋನ್ ನಂಬರ್ ಇರುವ ಕಡ್ಡಿಯೊಂದನ್ನು ಚುಚ್ಚಿ ಬಂದೆ.

ಫ್ರಿಸ್ಕೋದಲ್ಲಿ ತೊಂದರೆ ಶುರುವಾಯಿತು. ಅಲ್ಲಿನ ಹೊಸ ಬಡಾವಣೆಗಳಲ್ಲಿ ಮನೆ ಮುಂದಿನ ಹುಲ್ಲು ಬೇಸಿಗೆಯಲ್ಲೂ ಹಸಿರಾಗಿರಬೇಕೆಂದು ಮನೆಮಾಲೀಕರ ಸಂಘದವರ ನಿಯಮ. ಸ್ಪ್ರಿಂಕ್ಲರ್ ತಾನಾಗಿ ತಿರುಗುತ್ತದೆ, ಮಲಗಿದ ಗಡ್ಡೆಗೂ ನೀರು ಹೊಡೆಯುತ್ತದೆ. ನೆಲ ಬಿಟ್ಟು ಹಿತ್ತಿಲ ಸೂರಿನ ಕೆಳಗೆ ದೊಡ್ಡ ಮಣ್ಣಿನ ಕುಂಡಗಳಲ್ಲಿ ನೆಟ್ಟೆವು. ಆ ಶರತ್ಕಾಲದಲ್ಲಿ ಎಲೆ ಬಂತು, ಹೂವು ಬರಲಿಲ್ಲ. ಹಳೆಯ ಗಡ್ಡೆ ಜಾಗ ಬದಲಿಸಿದರೆ ಒಂದೆರಡು ವರ್ಷ ಹಾಗೆಯೇ. ನೋಡಲು ಹೋದಾಗ ರುಕ್ಮಿಣಮ್ಮ ಕುಂಡದ ಪಕ್ಕ ಕುಳಿತಿದ್ದರು.

"ಗೊಬ್ಬರ ಜಾಸ್ತಿ ಮಾಡಬೇಡಿ" ಎಂದೆ. "ಎಲೆ ಹೆಚ್ಚುತ್ತೆ, ಹೂವು ಇನ್ನೂ ಹಿಂದೆ ಬೀಳುತ್ತೆ."

"ಗೊತ್ತು ಬಿಡಿ. ಇದೂ ನನ್ನ ಹಾಗೇ. ಊಟ ಮಾಡ್ತಿದೆ, ಮಾತಾಡ್ತಿಲ್ಲ."

ಒಳಗೆ ಕಾಫಿ ಕೊಡುವಾಗ ವಿದ್ಯಾ ಮೆಲ್ಲಗೆ ಹೇಳಿದಳು. ತಾಯಿ ದಿನವಿಡೀ ಹತ್ತು ಮಾತಾಡುವುದಿಲ್ಲ. ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡದಲ್ಲಿ ಒಂದು ಪದ ಹೇಳಿ ಸುಮ್ಮನಾಗುತ್ತಾರೆ. ನಾನು ಗಡ್ಡೆ ತಜ್ಞೆ. ಕಾಫಿ ಕುಡಿದು, ಕುಂಡಗಳನ್ನು ಇನ್ನೊಮ್ಮೆ ನೋಡಿ ಬಂದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ನರ್ಸರಿಗೆ ಆಸ್ಟಿನ್ನಿನಿಂದ ಫೋನ್ ಬಂತು. ಆ ಮನೆ ಕೊಂಡಿದ್ದ ಯುವಕ. ಕಡ್ಡಿಯ ಮೇಲಿನ ನಂಬರ್ ನೋಡಿದ್ದ. ಮರದ ಕೆಳಗೆ ಬರಿ ನೆಲದಿಂದ ಎಲೆಯೇ ಇಲ್ಲದೆ ಹೂವು ಎದ್ದಿವೆ, ಕಳೆಯೋ ಏನೋ, ಕೀಳಬೇಕೇ ಎಂದು ಕೇಳಿದ. ಹೇಳಲು ಬಾಯಿ ತೆರೆದವಳು ತಡೆದೆ. "ಇದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಒಬ್ಬರಿದ್ದಾರೆ. ಅವರೇ ನಿಮಗೆ ಫೋನ್ ಮಾಡ್ತಾರೆ" ಎಂದು ಅವನ ನಂಬರ್ ಬರೆದುಕೊಂಡು ರುಕ್ಮಿಣಮ್ಮನಿಗೆ ತಲುಪಿಸಿದೆ.

ಹತ್ತು ದಿನ ಕಳೆದು ವಿದ್ಯಾ ಫೋನ್ ಮಾಡಿದಳು. "ಆಂಟಿ, ಏನ್ ಮಾಡಿದ್ರಿ ನೀವು? ಅಮ್ಮ ಆ ಹುಡುಗನ ಜೊತೆ ಅರ್ಧರ್ಧ ಗಂಟೆ ಮಾತಾಡ್ತಾರೆ. ಫೋಟೋ ಕಳಿಸು ಅಂತಾರೆ. ಹೋಮ್‌ವರ್ಕ್ ಕೊಟ್ಟ ಹಾಗೆ ಕೆಲಸ ಕೊಡ್ತಾರೆ." ಫೋನ್ ಇಡುವ ಮುನ್ನ, "ನಮ್ಮ ಜೊತೆ ಮಾತ್ರ ಅಷ್ಟು ಮಾತಿಲ್ಲ" ಎಂದಳು.

ಹೂವು ಮುಗಿಯುವ ಮೊದಲು ಒಮ್ಮೆ ಬಂದು ನೋಡಿ ಎಂದು ಆ ಯುವಕ ಕರೆದ. ರುಕ್ಮಿಣಮ್ಮ, ವಿದ್ಯಾ, ನಾನು ಮೂವರೂ ಹೋದೆವು. ಓಕ್ ಮರದ ಬುಡದಲ್ಲಿ ನೆಲವೇ ಗುಲಾಬಿಯಾಗಿತ್ತು. ಎಲೆ ಊದುವ ಯಂತ್ರ ತರುವ ಕೆಲಸಗಾರರು ಅಲ್ಲಿಗೆ ಬರದಿರಲೆಂದು ಅವನು ಸುತ್ತಲೂ ಕಲ್ಲಿನ ಸಾಲು ಇಟ್ಟಿದ್ದ. ರುಕ್ಮಿಣಮ್ಮ ಮಂಡಿಯೂರಿ, ಒಂದು ಹೂವಿನ ತೊಟ್ಟು ಎತ್ತಿ ನೋಡಿ, ಮೇಡಂ ಧ್ವನಿಯಲ್ಲಿ ಇಂಗ್ಲಿಷಿನಲ್ಲೇ ಅವನಿಗೆ ಹೇಳಿದರು: ಬಿದ್ದ ಎಲೆ ಗುಡಿಸಬೇಡ, ಬೇಸಿಗೆಯಲ್ಲಿ ನೀರು ಬಿಡಬೇಡ, ಬೀಜ ಇರುವೆಗೆ ಬಿಡು. ಅವನು "ಯೆಸ್ ಮ್ಯಾಮ್" ಎನ್ನುತ್ತ ನಿಂತಿದ್ದ. ಗಂಡನ ಹೆಸರನ್ನು ಅವರು ಎತ್ತಲಿಲ್ಲ.

ವಾಪಸು ಬರುವಾಗ ನಡುದಾರಿಯ ವೇಕೋ ಊರು ದಾಟುವವರೆಗೂ ರುಕ್ಮಿಣಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ, "ವಿದ್ಯಾ, ಮುಂದಿನ ವರ್ಷ ನಮ್ಮನೇದೂ ಬಿಡತ್ತೆ ನೋಡು" ಎಂದರು.

ವಿದ್ಯಾ ಕನ್ನಡಿಯಲ್ಲಿ ತಾಯಿಯ ಮುಖವನ್ನು ಒಮ್ಮೆ ನೋಡಿದಳು. ಅದುವರೆಗೂ ಅವರ ಬಾಯಲ್ಲಿ ಫ್ರಿಸ್ಕೋದ ಮನೆ 'ವಿದ್ಯಾ ಮನೆ' ಆಗಿತ್ತು.

ಮುಂದಿನ ವರ್ಷ ಬಿಟ್ಟಿತು. ಒಂದು ಕುಂಡದಲ್ಲಿ ಮಾತ್ರ, ನಾಲ್ಕಾರು ಹೂವು. ಅಷ್ಟರಲ್ಲಿ ನಾನು ಕೆಲಸ ಬಿಟ್ಟಾಗಿತ್ತು. ರುಕ್ಮಿಣಮ್ಮ ಸಂಜೆ ಫೋನ್ ಮಾಡಿ ಸುದ್ದಿ ಹೇಳಿದರು. ಮೊಮ್ಮಗಳು ಹಿಂದಿನಿಂದ "ಅಜ್ಜಿ, ಟೆಲ್ ಹರ್ ಐ ಸಾ ಇಟ್ ಫಸ್ಟ್" ಎಂದು ಕೂಗುತ್ತಿದ್ದಳು. ಆಸ್ಟಿನ್ನಿನ ಆ ಹುಡುಗನಿಗೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿಯಾಗಿತ್ತಂತೆ.